ದುಬಾರಿ ಪ್ಲಾನ್ ತಗೊಂಡರೆ ಸಬ್ಸಿಡಿ ಜಾಸ್ತಿ ಬರುತ್ತಾ?

ಪ್ರಶ್ನೆ: ಅಮೆರಿಕದಲ್ಲಿದ್ದೇವೆ. ಗ್ರೀನ್ ಕಾರ್ಡ್ ಬಂದ ಮೇಲೆ ಕೆಲಸ ಬಿಟ್ಟು ಸ್ವಂತ ವ್ಯವಹಾರ ಶುರು ಮಾಡಿದ್ದೇನೆ. ಆರೋಗ್ಯ ವಿಮೆ ಕೊಳ್ಳುವ ಸರ್ಕಾರಿ ಮಾರ್ಕೆಟ್‌ಪ್ಲೇಸ್‌ನಲ್ಲಿ ಗೋಲ್ಡ್ ಪ್ಲಾನ್ ತಗೊಂಡರೆ ಪ್ರೀಮಿಯಂಗೆ ಸರ್ಕಾರ ಕೊಡುವ ಸಬ್ಸಿಡಿ ಜಾಸ್ತಿ ಸಿಗುತ್ತದಂತೆ, ಹೌದಾ?

ಇಲ್ಲ. ಪ್ರತಿ ನವೆಂಬರ್‌ನಲ್ಲೂ ಈ ಪ್ರಶ್ನೆ ಬರುತ್ತದೆ, ನಾನೂ ಇದೇ ಉತ್ತರ ಬರೆಯುತ್ತೇನೆ. ಈ ಸಲ ಲೆಕ್ಕ ಹಾಕಿಯೇ ತೋರಿಸುತ್ತೇನೆ.

ಇದು ದೀಪಾವಳಿ ಸೇಲ್‌ನ ಶೇಕಡಾವಾರು ರಿಯಾಯಿತಿ ಅಲ್ಲ. ನಿಮ್ಮ ಊರಲ್ಲಿ ಸಿಗುವ ಸಿಲ್ವರ್ (ಬ್ರಾಂಜ್‌ಗೂ ಗೋಲ್ಡ್‌ಗೂ ನಡುವಿನ ದರ್ಜೆಯ) ಪ್ಲಾನ್‌ಗಳಲ್ಲಿ ಬೆಲೆಯಲ್ಲಿ ಕೆಳಗಿನಿಂದ ಎರಡನೆಯದನ್ನು ಸರ್ಕಾರ ಅಳತೆಗೋಲು ಮಾಡಿಕೊಳ್ಳುತ್ತದೆ. ಅದು ತಿಂಗಳಿಗೆ 500 ಡಾಲರ್ ಅಂತಿಟ್ಟುಕೊಳ್ಳಿ. ನಿಮ್ಮ ಆದಾಯಕ್ಕೆ ನೀವು ಕೊಡಬೇಕಾದ ಪಾಲು 200. ಉಳಿದ 300 ಸಬ್ಸಿಡಿ. ಅಷ್ಟೇ. ಈಗ 600 ಡಾಲರಿನ ಗೋಲ್ಡ್ ಆರಿಸಿದರೂ ಅದೇ 300, ನಿಮ್ಮ ಕೈಯಿಂದ 300. 350ರ ಬ್ರಾಂಜ್ ಆರಿಸಿದರೂ ಅದೇ 300, ಕೈಯಿಂದ ಬರೀ 50. ಬ್ರಾಂಜ್ 280ಕ್ಕೇ ಸಿಕ್ಕರೆ ನೀವು ಏನೂ ಕಟ್ಟಬೇಕಿಲ್ಲ, ಆದರೆ ಮಿಕ್ಕ 20 ನಿಮ್ಮ ಕೈಗೆ ಬರುವುದಿಲ್ಲ. ಪ್ಲಾನ್‌ಗಳ ನಡುವಿನ ವ್ಯತ್ಯಾಸ ಪೂರ್ತಿ ನಿಮ್ಮದೇ ಜೇಬಿನದು. ಅದಕ್ಕೇ ಜನ ಬೆಲೆ ನೋಡಿ ಆರಿಸುತ್ತಾರೆ.

ಹಳೆಯ ಪ್ಲಾನನ್ನೇ ಸುಮ್ನೆ ಮುಂದುವರಿಸುವವರು ಇಲ್ಲೇ ಎಡವುತ್ತಾರೆ. ಹೊಸ ಕಂಪನಿಗಳು ಕಡಿಮೆ ಬೆಲೆಯ ಸಿಲ್ವರ್ ತಂದರೆ ಅಳತೆಗೋಲು ಇಳಿಯುತ್ತದೆ, ಸಬ್ಸಿಡಿಯೂ ಇಳಿಯುತ್ತದೆ. ನಿಮ್ಮ ಪ್ಲಾನಿನ ಬೆಲೆ ಒಂದು ಡಾಲರೂ ಏರಿರುವುದಿಲ್ಲ, ಆದರೂ ನೀವು ಕಟ್ಟುವ ಹಣ ಏರಿರುತ್ತದೆ. ದಯವಿಟ್ಟು ಪ್ರತಿ ವರ್ಷ ಹೋಲಿಸಿ ನೋಡಿ.

ಹಾಗಂತ ಪ್ರೀಮಿಯಂ ಇಲ್ಲ ಅಂತ ಬ್ರಾಂಜ್‌ಗೆ ಓಡಬೇಡಿ. ಬ್ರಾಂಜ್ ಸರಾಸರಿ ಖರ್ಚಿನ ಸುಮಾರು ಶೇ. 60 ಭರಿಸುತ್ತದೆ, ಸಿಲ್ವರ್ ಶೇ. 70. ಆದಾಯ ಅಲ್ಲಿನ ಬಡತನ ರೇಖೆಯ ಒಂದೂವರೆ ಪಟ್ಟಿನೊಳಗಿದ್ದರೆ ಅದೇ ಸಿಲ್ವರ್ ಶೇ. 94ಕ್ಕೆ ಏರುತ್ತದೆ, ಡಿಡಕ್ಟಿಬಲ್ (ವಿಮೆ ಕೊಡಲು ಶುರು ಮಾಡುವ ಮೊದಲು ನೀವೇ ಕಟ್ಟಬೇಕಾದ ಮೊತ್ತ) ತೀರಾ ಕಡಿಮೆಯಾಗುತ್ತದೆ. ಎರಡೂವರೆ ಪಟ್ಟಿನವರೆಗೂ ಸ್ವಲ್ಪ ಸ್ವಲ್ಪ ಅನುಕೂಲ ಇದೆ. ಈ ಸೌಲಭ್ಯ ಸಿಲ್ವರ್‌ಗೆ ಮಾತ್ರ. ಸಕ್ಕರೆ ಕಾಯಿಲೆ, ಬಿಪಿ ಇದ್ದವರು ಬ್ರಾಂಜ್ ಹಿಡಿದು, ಆಮೇಲೆ ಆಸ್ಪತ್ರೆ ಬಿಲ್ ನೋಡಿ ಕಣ್ಣೀರು ಹಾಕುವುದನ್ನು ನೋಡಿದಾಗ ಹೊಟ್ಟೆ ಉರಿಯುತ್ತದೆ.

ಅಪ್ಪ ಅಮ್ಮ ಗ್ರೀನ್ ಕಾರ್ಡ್ ಮೇಲೆ ಬಂದಿದ್ದಾರೆ ಅನ್ನುವವರಿಗೂ ಒಂದು ಮಾತು. ಅಲ್ಲಿ ದುಡಿದ ಲೆಕ್ಕ ಇಲ್ಲದ ಹಿರಿಯರು ದುಡ್ಡು ಕಟ್ಟಿ ಮೆಡಿಕೇರ್ (ಹಿರಿಯರ ಸರ್ಕಾರಿ ಆರೋಗ್ಯ ವಿಮೆ) ಸೇರಲು ಐದು ವರ್ಷ ಕಾಯಬೇಕು. ಅಲ್ಲಿಯವರೆಗೆ ಮಾರ್ಕೆಟ್‌ಪ್ಲೇಸ್ ಪ್ಲಾನ್ ಕೊಳ್ಳಬಹುದು, ಹಳೆಯ ಕಾಯಿಲೆ ಇದೆ ಅಂತ ಯಾರೂ ನಿರಾಕರಿಸುವಂತಿಲ್ಲ. ವಯಸ್ಸಿಗೆ ಅಳತೆಗೋಲಿನ ಬೆಲೆಯೂ ಏರುವುದರಿಂದ, ಆದಾಯದ ಮಿತಿಯೊಳಗಿದ್ದರೆ ಅವರ ಸಬ್ಸಿಡಿ ದೊಡ್ಡದೇ ಇರುತ್ತದೆ. ಆದರೆ ನಿಮ್ಮ ಟ್ಯಾಕ್ಸ್ ರಿಟರ್ನ್‌ನಲ್ಲಿ ಅವರನ್ನು ಅವಲಂಬಿತರು ಅಂತ ತೋರಿಸಿದರೆ ನಿಮ್ಮ ಆದಾಯವೂ ಲೆಕ್ಕಕ್ಕೆ ಬರುತ್ತದೆ. ಅರ್ಜಿ ಹಾಕುವ ಮೊದಲೇ ಇದನ್ನು ಟ್ಯಾಕ್ಸ್ ನೋಡುವವರ ಹತ್ತಿರ ಕೇಳಿಕೊಳ್ಳಿ.