ಬಿದ್ದವರ ಸುತ್ತ ನಿಂತ ಜನ ಮೊದಲ ನಿಮಿಷದಲ್ಲಿ ಏನು ಮಾಡುತ್ತಾರೆ?

ತುರ್ತು ಚಿಕಿತ್ಸಾ ವಿಭಾಗಕ್ಕೆ ಉಸಿರಿಲ್ಲದ ರೋಗಿಯನ್ನು ಹೊತ್ತು ತಂದವರಿಗೆ ನಾನು ಕೇಳುವ ಮೊದಲ ಪ್ರಶ್ನೆ, 'ಬಿದ್ದ ಕೂಡಲೇ ಯಾರಾದ್ರೂ ಎದೆ ಒತ್ತಿದ್ರಾ?' ಹೃದಯ ನಿಂತವರ ಎದೆಯನ್ನು ಕೈಯಿಂದ ಒತ್ತಿ ರಕ್ತ ಹರಿಯುವಂತೆ ಮಾಡುವ ಸಿಪಿಆರ್ ಬಗ್ಗೆ ನಾನು ಕೇಳುತ್ತಿರುವುದು. ಮೈಸೂರಿನಲ್ಲಿ ಸಿಗುವ ಉತ್ತರ ಹೆಚ್ಚುಕಡಿಮೆ ಒಂದೇ ಥರ. ನೀರು ಚಿಮುಕಿಸಿದ್ವಿ, ಗಾಳಿ ಬೀಸಿದ್ವಿ, ಅಂಗಾಲು ಉಜ್ಜಿದ್ವಿ, ಆಟೋ ಹುಡುಕಿದ್ವಿ. ಕೆಲವೊಮ್ಮೆ, 'ಫಿಟ್ಸ್ ಇರಬೇಕು ಅಂತ ಕೈಗೆ ಕೀ ಗೊಂಚಲು ಕೊಟ್ವಿ ಸಾರ್.'

ಇದು ಕಾಳಜಿ ಇಲ್ಲದವರ ಮಾತಲ್ಲ. ಹೃದಯ ನಿಂತಾಗ ಕೆಲವರ ಕೈಕಾಲು ಸ್ವಲ್ಪ ಹೊತ್ತು ಅದುರುತ್ತವೆ. ಬಾಯಿ ತೆರೆದು ಗೊರಕೆಯಂಥ ಸದ್ದಿನೊಂದಿಗೆ ಮೇಲುಸಿರು ಎಳೆಯುತ್ತಾರೆ. ನೋಡುವವರಿಗೆ ಫಿಟ್ಸ್ ಅನ್ನಿಸುತ್ತದೆ, ಇಲ್ಲವೇ 'ಉಸಿರಾಡ್ತಿದ್ದಾರೆ ಅಲ್ವಾ' ಅನ್ನಿಸುತ್ತದೆ. ಎದೆ ಒತ್ತದೆ ಕಳೆದ ಪ್ರತಿ ನಿಮಿಷಕ್ಕೂ ಬದುಕುವ ಸಾಧ್ಯತೆ ಶೇ. 7ರಿಂದ 10ರಷ್ಟು ಕುಸಿಯುತ್ತದೆ.

ಆ ಮೊದಲ ನಿಮಿಷವನ್ನು ಅಧ್ಯಯನ ಮಾಡುವುದೇ ಕಷ್ಟ. ಆಮೇಲೆ ಕೇಳಿದರೆ ಗಾಬರಿಯಲ್ಲಿದ್ದವರ ನೆನಪು ಕಲಸಿಹೋಗಿರುತ್ತದೆ. ದೇವರಾಜ ಮಾರುಕಟ್ಟೆಯಲ್ಲಿ ಒಬ್ಬರನ್ನು ಸುಮ್ನೆ ಬೀಳಿಸಿ ಜನರನ್ನು ಪರೀಕ್ಷಿಸಲು ಆಗುತ್ತದೆಯೇ? ವರ್ಚುವಲ್ ರಿಯಾಲಿಟಿ, ಅಂದರೆ ವಿಆರ್, ನೆರವಾಗುವುದು ಇಲ್ಲೇ. ಕಣ್ಣಿಗೆ ಹೆಡ್‌ಸೆಟ್ ಹಾಕಿದರೆ ಬೀದಿ ಕಾಣುತ್ತದೆ, ಜನ ಕಾಣುತ್ತಾರೆ, ಎದುರಿಗೇ ಒಬ್ಬರು ಕುಸಿಯುತ್ತಾರೆ. ನೋಡುವವರ ತಲೆ ಎತ್ತ ತಿರುಗಿತು, ಎಷ್ಟು ಸೆಕೆಂಡಿಗೆ ಮೊಣಕಾಲೂರಿದರು, ಫೋನ್ ಮಾಡಿದರೋ ಇಲ್ಲವೋ ಎಲ್ಲವೂ ದಾಖಲಾಗುತ್ತದೆ.

ಇದರಲ್ಲಿ ನನ್ನನ್ನು ತುಂಬಾ ಕಾಡಿದ್ದು ಅಮೆರಿಕದ ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದ ಸಂಶೋಧಕರ ಪ್ರಯೋಗ. ವಿಆರ್‌ನಲ್ಲಿ ಕುಸಿದವರು ಮಹಿಳೆಯಾಗಿದ್ದಾಗ ಎದೆ ಒತ್ತಿದವರ ಪ್ರಮಾಣ ಕಡಿಮೆ ಇತ್ತು. ವಿಆರ್ ಬೀದಿಯಲ್ಲೇ ಹಾಗಾದರೆ ಸೀರೆಯುಟ್ಟ ಹೆಂಗಸು ಮಂಡ್ಯದ ಬಸ್ ನಿಲ್ದಾಣದಲ್ಲಿ ಬಿದ್ದರೆ ಏನು ಗತಿ? ಸುತ್ತ ನಿಂತ ಗಂಡಸರು 'ಯಾರಾದ್ರೂ ಹೆಂಗಸರು ಬನ್ನಿ' ಎಂದು ಕೂಗುವುದರಲ್ಲೇ ನಿಮಿಷ ಕಳೆದುಹೋಗಬಹುದು. ನಮ್ಮ ಬೀದಿ, ನಮ್ಮ ಬಟ್ಟೆ, ನಮ್ಮ ಗುಂಪನ್ನು ಇಟ್ಟು ವಿಆರ್ ದೃಶ್ಯ ಕಟ್ಟಬೇಕು ಅನ್ನುವುದು ಅದಕ್ಕೇ. ಅಮೆರಿಕದ ಫುಟ್‌ಪಾತ್ ತೋರಿಸಿದರೆ ನಮ್ಮವರ ಹಿಂಜರಿಕೆ ಎಲ್ಲಿದೆ ಎಂದು ಗೊತ್ತಾಗುವುದಿಲ್ಲ.

ಆದರೆ ಎದೆ ಒತ್ತುವುದನ್ನು ಕಲಿಸಲು ವಿಆರ್ ಒಂದೇ ಸಾಲದು. 2019ರಲ್ಲಿ ನೆದರ್‌ಲೆಂಡ್ಸ್‌ನ ಒಂದು ಸಂಗೀತ ಉತ್ಸವದಲ್ಲಿ 381 ಜನರನ್ನಿಟ್ಟು ನಡೆಸಿದ ಅಧ್ಯಯನದಲ್ಲಿ, ವಿಆರ್‌ನಲ್ಲಿ ಕಲಿತವರ ಒತ್ತುವ ವೇಗ ತರಗತಿಯಲ್ಲಿ ಕಲಿತವರಿಗೆ ಸಾಟಿಯಾಗಿತ್ತು. ಆಳ ಮಾತ್ರ ಕಡಿಮೆ ಬಿತ್ತು. ನಿಮಿಷಕ್ಕೆ 100ರಿಂದ 120 ಸಲ, 5ರಿಂದ 6 ಸೆಂಟಿಮೀಟರ್ ಆಳಕ್ಕೆ ಒತ್ತಬೇಕು. ಆ ಆಳ ಕೈಗೆ ತಿಳಿಯಲು ಬೊಂಬೆಯ ಮೇಲೆ ಒತ್ತಿಯೇ ಕಲಿಯಬೇಕು. ಇನ್ನೊಂದು ಮಾತು. ಮನೆಯಲ್ಲಿ ಇತ್ತೀಚೆಗೆ ಇಂಥ ಸಾವು ಕಂಡವರನ್ನು ಈ ಪ್ರಯೋಗಕ್ಕೆ ಕೂರಿಸಬಾರದು. ಮುಗಿದ ಮೇಲೆ ಪ್ರತಿಯೊಬ್ಬರ ಜೊತೆ ಕೂತು ಮಾತಾಡಲೇಬೇಕು.

2021ರ ಅಕ್ಟೋಬರ್ 29ರಂದು ಪುನೀತ್ ರಾಜ್‌ಕುಮಾರ್ ತೀರಿಕೊಂಡ ಮೇಲೆ ನಮ್ಮೂರಲ್ಲೂ ಹೃದಯ ತಪಾಸಣೆಗೆ ಜನ ಸಾಲುಗಟ್ಟಿದರು. ಒಳ್ಳೆಯದೇ. ಎದೆ ಒತ್ತುವುದನ್ನು ಕಲಿಯಲು ಅಂಥ ಸಾಲು ನಾನು ಕಂಡಿಲ್ಲ.

ವಿಆರ್‌ನಲ್ಲಿ ನಮ್ಮ ಜನರ ಮೇಲೆ ಮೊದಲು ಪರೀಕ್ಷಿಸಬೇಕಾದ್ದು ಒಂದು ಸಣ್ಣ ವಿಷಯ. ಗುಂಪಿನಲ್ಲಿ 'ಯಾರಾದ್ರೂ ಫೋನ್ ಮಾಡ್ರಪ್ಪಾ' ಅಂದರೆ ಎಲ್ಲರೂ ಪಕ್ಕದವರ ಮುಖ ನೋಡುತ್ತಾರೆ. ಬದಲಿಗೆ ಒಬ್ಬರ ಕಡೆ ಕೈತೋರಿಸಿ, 'ನೀಲಿ ಶರ್ಟಿನ ಅಣ್ಣ, ನೀವು 108ಕ್ಕೆ ಫೋನ್ ಮಾಡಿ, ಸ್ಪೀಕರ್ ಹಾಕಿ ಇಲ್ಲೇ ನಿಲ್ಲಿ' ಎಂದರೆ ಎಷ್ಟು ಸೆಕೆಂಡ್ ಉಳಿಯುತ್ತದೆ? ಅಷ್ಟು ಗೊತ್ತಾದರೆ ಅದನ್ನೇ ನಮ್ಮ ಬಸ್ ಕಂಡಕ್ಟರುಗಳಿಗೆ, ಮಾರುಕಟ್ಟೆಯ ಅಂಗಡಿಯವರಿಗೆ ಹೇಳಿಕೊಡಬಹುದು.