ಮೇಲೆ 'ಸಕುಟುಂಬ', ಕೆಳಗೆ 'ಆಹ್ವಾನಿತರಿಗೆ ಮಾತ್ರ'

ಲಗ್ನಪತ್ರಿಕೆ ಅಚ್ಚು ಹಾಕಿಸಲು ಬರುವವರು ಮನೆಯ ಹಿಂದಿನ ಮದುವೆಯ ಪತ್ರಿಕೆಯನ್ನೇ ಮಾದರಿಗೆ ತರುತ್ತಾರೆ. ಹೆಸರು, ಮುಹೂರ್ತ, ಛತ್ರ ಬದಲಿಸಿ ಕೊಡಿ ಅಂತಾರೆ. ಹೊರಡುವಾಗ, "ಕೆಳಗೆ 'ಆಹ್ವಾನಿತರಿಗೆ ಮಾತ್ರ' ಅಂತ ಒಂದು ಸಾಲು ಸೇರಿಸಿ, ಈ ಸಲ ಹಾಲ್ ಚಿಕ್ಕದು" ಅನ್ನುತ್ತಾರೆ. ಪ್ರೂಫ್ ತೆಗೆದರೆ ಮೇಲೆ 'ತಾವು ಸಕುಟುಂಬ ಸಪರಿವಾರ ಸಮೇತರಾಗಿ ಆಗಮಿಸಿ' ಹಾಗೇ ಕೂತಿರುತ್ತದೆ. ಓದಿದವರು ಯಾವುದನ್ನು ನಂಬಬೇಕು?

ಮೇಲಿನದನ್ನೇ ನಂಬುತ್ತಾರೆ. ಅದು ಅವರ ತಪ್ಪಲ್ಲ. ಕೈಗೆ ಪತ್ರಿಕೆ ಬಂದ ಮೇಲೆ ಅವರು ಆಹ್ವಾನಿತರೇ ಅಲ್ವಾ? ಆ ಕೆಳಗಿನ ಸಾಲು ಯಾರು ಬರಬೇಕು, ಎಷ್ಟು ಜನ ಬರಬೇಕು ಅಂತ ಹೇಳುವುದೇ ಇಲ್ಲ. ಹೇಳುವುದು ಕವರ್. 'ಶ್ರೀಮತಿ ಮತ್ತು ಶ್ರೀ' ಅಂತ ಹೆಸರು ಬರೆದರೆ ಇಬ್ಬರು. 'ಮತ್ತು ಕುಟುಂಬದವರು' ಅಂದರೆ ಮನೆಯವರೆಲ್ಲ, ಊರಿಂದ ಬಂದಿರುವ ಅತ್ತೆಯೂ ಸೇರಿ. ಹೆಸರೇ ಇಲ್ಲದಿದ್ದರೆ ಯಾರು ಬೇಕಾದರೂ ಬರಬಹುದು. ಇಷ್ಟು ಹೇಳಿದರೂ ಖಾಲಿ ಕವರ್‌ಗಳ ಕಟ್ಟನ್ನು ಆಫೀಸಿನ ಮೇಜಿನ ಮೇಲೆ ಇಟ್ಟು ಬರುತ್ತಾರೆ. ಪತ್ರಿಕೆಯ ಫೋಟೋ ವಾಟ್ಸಾಪ್ ಸ್ಟೇಟಸ್‌ಗೂ ಹಾಕುತ್ತಾರೆ.

ಹಾಗೆ ಹಾಕಿದ ಮನೆಯೊಂದರ ಆರತಕ್ಷತೆಗೆ ನಾನೂ ಹೋಗಿದ್ದೆ. ಕೊನೆಯ ಪಂಕ್ತಿಗೆ ಹೋಳಿಗೆ ಮುಗಿದಿತ್ತು. ಹುಡುಗಿಯ ತಾಯಿ ಒಂದೊಂದು ಎಲೆಯ ಮುಂದೆಯೂ ನಿಂತು, "ತಪ್ಪು ತಿಳಿಯಬೇಡಿ" ಅಂತ ಕೈ ಮುಗಿಯುತ್ತಿದ್ದರು. ನೋಡಿ ಸಂಕಟವಾಯಿತು. ಕರೆಯುವ ಮನಸ್ಸು ಅವರಿಗೆ ಎಲ್ಲರಿಗಿಂತ ಜಾಸ್ತಿ ಇತ್ತು.

2020ರಲ್ಲಿ ಕೋವಿಡ್‌ನಿಂದಾಗಿ ಮದುವೆಗೆ 50 ಜನರ ಮಿತಿ ಬಂದಾಗ ಇದೇ ನಮ್ಮ ಜನ ಎಷ್ಟು ಚೆನ್ನಾಗಿ ನಿಭಾಯಿಸಿದರು! "ನೀವಿಬ್ಬರೇ ಬನ್ನಿ" ಅಂತ ಫೋನಿನಲ್ಲೇ ಹೇಳಿದರು. ಉಳಿದವರಿಗೆ "ಮನೆಯಿಂದಲೇ ಆಶೀರ್ವಾದ ಮಾಡಿ" ಅಂದರು. ನಾನು ಕಂಡ ಮಟ್ಟಿಗೆ ಬೇಜಾರು ಮಾಡಿಕೊಂಡವರು ಕಡಿಮೆ. ಮೊದಲೇ ಗೊತ್ತಿದ್ದರೆ ಮನಸ್ಸು ಒಪ್ಪುತ್ತದೆ, ಬಾಗಿಲಲ್ಲಿ ಗೊತ್ತಾದರೆ ಒಪ್ಪುವುದಿಲ್ಲ.

ಮುಹೂರ್ತಕ್ಕೆ ಎಲ್ಲರನ್ನೂ, ಆರತಕ್ಷತೆಗೆ ಕೆಲವರನ್ನು ಕರೆಯುವುದಾದರೆ ಎರಡು ಬೇರೆ ಪತ್ರಿಕೆ ಮಾಡಿಸಿ. ಎರಡನೆಯದರಲ್ಲಿ 'ಸಕುಟುಂಬ' ಬೇಡ. ಖರ್ಚು ಸ್ವಲ್ಪ ಹೆಚ್ಚುತ್ತದೆ, ನಿಜ. ಕುಂಕುಮ, ಅಕ್ಷತೆ ಹಿಡಿದು ಮನೆಗೇ ಹೋಗಿ ಕರೆಯುವ ಹಿರಿಯರಿಗೆ ಮಾತ್ರ ತಲೆ ಎಣಿಸಿ ಹೇಳಬೇಡಿ. ಅವರ ಜೊತೆ ಬರುವವರನ್ನು ನೀವೇ ಲೆಕ್ಕಕ್ಕೆ ಹಿಡಿದುಕೊಳ್ಳಿ. ನಿಮ್ಮ ಮನೆತನದ ಪದ್ಧತಿ ಬೇರೆ ಇರಬಹುದು, ದೊಡ್ಡವರನ್ನು ಒಮ್ಮೆ ಕೇಳಿ. ಅಡುಗೆಯವರಿಗೆ ಎಲೆ ಲೆಕ್ಕ ಕೊಡುವಾಗ ಪತ್ರಿಕೆಗಳನ್ನು ಎಣಿಸಬೇಡಿ, ಕವರ್ ಮೇಲೆ ಬರೆದಿರುವ ಜನರನ್ನು ಎಣಿಸಿ.