ಯಾವೊ ಮಿಂಗ್ ವೃತ್ತಿಜೀವನ: 486 ಪಂದ್ಯಗಳನ್ನು ಓದುವ ಬಗೆ

ಬ್ಯಾಸ್ಕೆಟ್‌ಬಾಲ್ ಆಟಗಾರನೊಬ್ಬನ ವೃತ್ತಿಜೀವನವನ್ನು ಅಭ್ಯಾಸ ಮಾಡುವಾಗ ಹೆಚ್ಚಿನವರು ಸರಾಸರಿ ಅಂಕಗಳಿಂದ ಶುರು ಮಾಡುತ್ತಾರೆ. ಚೀನಾದ ಆಟಗಾರ ಯಾವೊ ಮಿಂಗ್ ವಿಷಯದಲ್ಲಿ ಅದು ಸಾಲದು. ಪಂದ್ಯಕ್ಕೆ 19.0 ಅಂಕ, 9.2 ರಿಬೌಂಡ್ (ಗುರಿ ತಪ್ಪಿ ಮರಳಿದ ಚೆಂಡನ್ನು ಹಿಡಿಯುವುದು): ಒಳ್ಳೆಯ ಸೆಂಟರ್, ಅಂದರೆ ರಿಂಗ್ ಬಳಿ ಆಡುವ ಎತ್ತರದ ಆಟಗಾರ, ಎಂಬುದಕ್ಕಿಂತ ಹೆಚ್ಚೇನೂ ಇದರಿಂದ ತಿಳಿಯುವುದಿಲ್ಲ. ಮೊದಲು ನೋಡಬೇಕಾದದ್ದು ಆಡಿದ ಪಂದ್ಯಗಳ ಲೆಕ್ಕ.

ಅಮೆರಿಕದ ವೃತ್ತಿಪರ ಲೀಗ್ ಆದ ಎನ್‌ಬಿಎಯಲ್ಲಿ ಒಂದು ಸೀಸನ್‌ಗೆ 82 ಲೀಗ್ ಪಂದ್ಯಗಳು. ಹ್ಯೂಸ್ಟನ್ ರಾಕೆಟ್ಸ್ ಪರವಾಗಿ 2002-03ರಿಂದ 2010-11ರವರೆಗೆ ಯಾವೊ ಆಡಿದ್ದು ಕ್ರಮವಾಗಿ 82, 82, 80, 57, 48, 55, 77, 0, 5. ಇದನ್ನು ಮೂರು ಮೂರು ಸೀಸನ್‌ಗಳಾಗಿ ಕೂಡಿಸಿ ನೋಡಿ. ಮೊದಲ ಮೂರರಲ್ಲಿ 246ಕ್ಕೆ 244 ಪಂದ್ಯ, ನಡುವಿನ ಮೂರರಲ್ಲಿ 160, ಕೊನೆಯ ಮೂರರಲ್ಲಿ 82. ಈಗ ಸರಾಸರಿ ಅಂಕಗಳನ್ನು ಪಕ್ಕಕ್ಕಿಡಿ. ಮೊದಲ ಮೂರು ಸೀಸನ್‌ಗಳಲ್ಲಿ 13.5, 17.5, 18.3. ನಡುವಿನ ಮೂರರಲ್ಲಿ 22.3, 25.0, 22.0. ಆಟ ಪಕ್ವವಾಗುತ್ತಿದ್ದ ಹೊತ್ತಿಗೇ ಆತ ಅಂಕಣದಿಂದ ದೂರ ಉಳಿಯತೊಡಗಿದ್ದ. ಉಳಿದ ಟಿಪ್ಪಣಿಯೆಲ್ಲ ಇದು ಯಾಕಾಯಿತು ಎಂಬುದರ ಬಗ್ಗೆ.

ಹಿನ್ನೆಲೆ ಚುಟುಕಾಗಿ. ಹುಟ್ಟಿದ್ದು 1980ರ ಸೆಪ್ಟೆಂಬರ್ 12ರಂದು ಶಾಂಘೈಯಲ್ಲಿ. ತಂದೆ, ತಾಯಿ ಇಬ್ಬರೂ ಬ್ಯಾಸ್ಕೆಟ್‌ಬಾಲ್ ಆಟಗಾರರು. ಚೀನಾದ ಲೀಗಿನಲ್ಲಿ ಶಾಂಘೈ ಶಾರ್ಕ್ಸ್ ತಂಡ. ಹಿಂದೆ ಫೈನಲ್‌ನಲ್ಲಿ ಚೀನಾದ್ದೇ ಆದ ‘ಬಾಯಿ ರಾಕೆಟ್ಸ್’ ತಂಡದ ಎದುರು ಸೋತಿದ್ದ ಶಾರ್ಕ್ಸ್ 2002ರಲ್ಲಿ ಪ್ರಶಸ್ತಿ ಗೆದ್ದಿತು. ಅದೇ ವರ್ಷದ ಡ್ರಾಫ್ಟ್‌ನಲ್ಲಿ (ಎನ್‌ಬಿಎ ತಂಡಗಳು ಹೊಸ ಆಟಗಾರರನ್ನು ಸರದಿಯಂತೆ ಆರಿಸಿಕೊಳ್ಳುವ ಪ್ರಕ್ರಿಯೆ) ಮೊದಲನೆಯ ಆಯ್ಕೆಯಾಗಿ ಹ್ಯೂಸ್ಟನ್‌ಗೆ. ಎನ್‌ಬಿಎಯ ಮೊದಲ ಪಂದ್ಯದಲ್ಲಿ ಸೊನ್ನೆ ಅಂಕ, ಎರಡು ರಿಬೌಂಡ್. ಆದರೂ ಅದೇ ಸೀಸನ್‌ನ ಆಲ್-ಸ್ಟಾರ್ ಪಂದ್ಯಕ್ಕೆ ಅಭಿಮಾನಿಗಳು ಹಾಕುವ ಮತಗಳಲ್ಲಿ ಹೆಸರಾಂತ ಸೆಂಟರ್ ಶಾಕಿಲ್ ಓನೀಲ್ ಅವರನ್ನು ಹಿಂದಿಕ್ಕಿದ. ಆ ಮತಗಳನ್ನು ಆಟದ ಅಳತೆಗೋಲಾಗಿ ಬಳಸಬೇಡಿ; ಅದು ಜನಪ್ರಿಯತೆಯ ಲೆಕ್ಕ.

ಇಲ್ಲಿ ಮರೆಯಬಾರದ ಒಂದು ಅಂಶವಿದೆ. ಚೀನಾ ಅವನನ್ನು ಅಮೆರಿಕಕ್ಕೆ ಬಿಟ್ಟುಕೊಟ್ಟದ್ದು ರಾಷ್ಟ್ರೀಯ ತಂಡ ಕರೆದಾಗ ಬರಬೇಕೆಂಬ ನಿರೀಕ್ಷೆಯ ಮೇಲೆ. ಹಾಗಾಗಿ ಬೇರೆಯವರು ವಿಶ್ರಾಂತಿ ಪಡೆಯುವ ಬೇಸಿಗೆಯಲ್ಲಿ ಇವನಿಗೆ ಇನ್ನೊಂದು ಸೀಸನ್. 2004ರ ಅಥೆನ್ಸ್ ಒಲಿಂಪಿಕ್ಸ್, 2006ರ ವಿಶ್ವ ಚಾಂಪಿಯನ್‌ಶಿಪ್, 2008ರ ಬೀಜಿಂಗ್ ಒಲಿಂಪಿಕ್ಸ್ ಎಲ್ಲವೂ ಆ ಬಿಡುವಿನಲ್ಲೇ ಬಂದವು.

ಆಟದ ಗುಣ. ಎತ್ತರದ ಸೆಂಟರ್ ಎಂದರೆ ರಿಂಗ್ ಕೆಳಗೆ ನಿಂತು ಡಂಕ್ ಮಾಡುವವನು ಎಂದುಕೊಳ್ಳುವವರು ಅವನ ಫ್ರೀ ಥ್ರೋ (ಫೌಲ್ ಆದಾಗ ತಡೆಯಿಲ್ಲದೆ ಎಸೆಯಲು ಸಿಗುವ, ಒಂದೊಂದು ಅಂಕದ ಅವಕಾಶ) ನೋಡಬೇಕು: ಯಶಸ್ಸು ಶೇ. 83.3. ಓನೀಲ್ ಅವರದು ಶೇ. 52.7. ಎರಡು ಫ್ರೀ ಥ್ರೋ ಸಿಕ್ಕರೆ ಯಾವೊನಿಂದ ಸರಾಸರಿ 1.67 ಅಂಕ, ಓನೀಲ್‌ರಿಂದ 1.05. ಬೇಕೆಂದೇ ಫೌಲ್ ಮಾಡಿ ತಡೆಯುವ ತಂತ್ರ ಓನೀಲ್ ಮೇಲೆ ನಡೆಯುತ್ತಿತ್ತು, ಯಾವೊ ಮೇಲೆ ನಡೆಯುತ್ತಿರಲಿಲ್ಲ. ಹಾಗಾಗಿ ಎದುರಾಳಿಗಳು ಹಿಡಿದದ್ದು ಬೇರೆ ದಾರಿ. ಒಂದು, ಫ್ರಂಟಿಂಗ್: ಅವನ ಬೆನ್ನ ಹಿಂದೆ ನಿಲ್ಲದೆ ಚೆಂಡಿಗೂ ಅವನಿಗೂ ನಡುವೆ ನಿಂತು ಪಾಸ್ ತಲುಪದಂತೆ ಮಾಡುವುದು. ಪಾಸ್ ಹಾಗೆ ಮುಂದೆ ನಿಂತವನ ತಲೆಯ ಮೇಲಿಂದ ಬರಬೇಕಾಗುತ್ತದೆ, ಅಷ್ಟರಲ್ಲಿ ಇನ್ನೊಬ್ಬ ಡಿಫೆಂಡರ್ ಓಡಿಬರುತ್ತಾನೆ. ಎರಡು, ಪಿಕ್ ಅಂಡ್ ರೋಲ್ (ಒಬ್ಬ ಡಿಫೆಂಡರ್‌ಗೆ ಅಡ್ಡ ನಿಂತು ಚೆಂಡು ಹಿಡಿದ ಜೊತೆಗಾರನಿಗೆ ದಾರಿ ಮಾಡಿಕೊಟ್ಟು, ತಾನು ರಿಂಗ್ ಕಡೆ ತಿರುಗಿ ಓಡುವ ತಂತ್ರ) ಆಡಿ ಯಾವೊನನ್ನು ರಿಂಗ್‌ನಿಂದ ದೂರಕ್ಕೆ ಎಳೆದು ಮತ್ತೆ ಮತ್ತೆ ಪಕ್ಕಕ್ಕೆ ಸರಿಯುವಂತೆ ಮಾಡುವುದು. ಎರಡನೆಯದು ಅಂಕಕ್ಕಷ್ಟೇ ಅಲ್ಲ, ಕಾಲಿಗೂ ದುಬಾರಿ.

ಈಗ ಕಾಲಿನ ಲೆಕ್ಕ. ಇದನ್ನು ಪೆನ್ನು ಹಿಡಿದು ಮಾಡಿ. 183 ಸೆಂ.ಮೀ. ಎತ್ತರ, 72 ಕೆಜಿ ತೂಕದ ಒಬ್ಬನನ್ನು ಅದೇ ಅನುಪಾತದಲ್ಲಿ ಯಾವೊನ 229 ಸೆಂ.ಮೀ.ಗೆ ಹಿಗ್ಗಿಸೋಣ. ಎತ್ತರ 1.25 ಪಟ್ಟು. ಮೂಳೆಯ ಅಡ್ಡಕೊಯ್ತದ ವಿಸ್ತೀರ್ಣ ಎತ್ತರದ ವರ್ಗದಂತೆ ಬೆಳೆಯುತ್ತದೆ, ಅಂದರೆ 1.57 ಪಟ್ಟು. ತೂಕ ಘನದಂತೆ ಬೆಳೆಯುತ್ತದೆ, 1.96 ಪಟ್ಟು, ಅಂದರೆ ಸುಮಾರು 141 ಕೆಜಿ. ಯಾವೊನ ತೂಕವೂ ಹೆಚ್ಚುಕಡಿಮೆ ಅಷ್ಟೇ, 140 ಕೆಜಿ. ಮೂಳೆಯ ಪ್ರತಿ ಚದರ ಸೆಂಟಿಮೀಟರ್ ಮೇಲೆ ಸುಮಾರು ಶೇ. 25ರಷ್ಟು ಹೆಚ್ಚು ಭಾರ, ಅದೂ ಸುಮ್ಮನೆ ನಿಂತಾಗ. ಜಿಗಿದು ಇಳಿಯುವಾಗ ಮೈತೂಕದ ಹಲವು ಪಟ್ಟು ಬೀಳುತ್ತದೆ.

ಆ ಭಾರ ಹೋಗಿ ಕೂರುವ ಜಾಗಗಳಲ್ಲೊಂದು ನ್ಯಾವಿಕ್ಯುಲರ್ ಎಂಬ ಪುಟ್ಟ ಮೂಳೆ. ಪಾದದ ಒಳಬದಿಯಲ್ಲಿ, ಆಂಕಲ್‌ಗಿಂತ ಸ್ವಲ್ಪ ಮುಂದೆ, ಪಾದದ ಕಮಾನಿನ ನೆತ್ತಿಯಲ್ಲಿ ಇರುತ್ತದೆ. ಕಾಲ್ಬೆರಳ ಮೇಲೆ ಒತ್ತಿ ಚಿಮ್ಮುವಾಗ ಹಿಂದಿನ ಮೂಳೆಗೂ ಮುಂದಿನ ಮೂಳೆಗಳಿಗೂ ನಡುವೆ ಅದು ಅಡಕತ್ತರಿಯಲ್ಲಿ ಸಿಕ್ಕ ಅಡಿಕೆ. ಮೇಲಾಗಿ ಅದರ ನಡುಭಾಗಕ್ಕೆ ರಕ್ತ ಪೂರೈಕೆ ಕಡಿಮೆ, ಬಿರುಕು ಬಿಟ್ಟರೆ ಕೂಡಿಕೊಳ್ಳುವುದು ನಿಧಾನ. ಪಾದದ ಮೇಲ್ಭಾಗದಲ್ಲಿ ಇಂಥ ಕಡೆ ಎಂದು ಬೆರಳಿಟ್ಟು ತೋರಿಸಲಾಗದ ನೋವು, ಆಡಿದರೆ ಜಾಸ್ತಿ, ಕೂತರೆ ಕಡಿಮೆ: ಇದೇ ಲಕ್ಷಣ. ಶುರುವಿನಲ್ಲಿ ಎಕ್ಸ್-ರೇಯಲ್ಲಿ ಬಹಳ ಸಲ ಕಾಣುವುದೇ ಇಲ್ಲ. ಎಂಆರ್‌ಐ ಅಥವಾ ಸಿಟಿ ಬೇಕು. ಉಳುಕು ಎಂದುಕೊಂಡು ಕ್ರೇಪ್ ಬ್ಯಾಂಡೇಜ್ ಸುತ್ತಿ ಆಡಿಸಿದರೆ ಬಿರುಕು ಇನ್ನೂ ಬೆಳೆಯುತ್ತದೆ. ಚಿಕಿತ್ಸೆ ಎಂದರೆ ಆರರಿಂದ ಎಂಟು ವಾರ ಆ ಕಾಲಿಗೆ ಭಾರವನ್ನೇ ಹಾಕದಿರುವುದು, ಇಲ್ಲವೇ ಸ್ಕ್ರೂ ಹಾಕುವ ಶಸ್ತ್ರಚಿಕಿತ್ಸೆ.

ಯಾವೊನ ಗಾಯಗಳನ್ನು ಒಂದೇ ಪಟ್ಟಿಯಲ್ಲಿ ತುಂಬಿಬಿಟ್ಟರೆ ಏನೂ ತಿಳಿಯುವುದಿಲ್ಲ. ಬೇರೆ ಬೇರೆ ಮಾಡಿ. 2005ರ ಕೊನೆಯಲ್ಲಿ ಕಾಲಿನ ಹೆಬ್ಬೆರಳ ಮೂಳೆಗೆ ಸೋಂಕು, ಶಸ್ತ್ರಚಿಕಿತ್ಸೆ. 2006ರ ಡಿಸೆಂಬರ್‌ನಲ್ಲಿ ಶಾಟ್ ತಡೆಯಲು ಹೋಗಿ ಬಲಮಂಡಿಯ ಬಳಿ ಮೂಳೆ ಮುರಿತ. ಇದು ಅಪಘಾತ, ಯಾರಿಗೂ ಆಗಬಹುದಿತ್ತು. ಅತಿಬಳಕೆಯ ಸಾಲು ಬೇರೆ: 2008ರ ಫೆಬ್ರವರಿಯಲ್ಲಿ ಎಡಪಾದದ ನ್ಯಾವಿಕ್ಯುಲರ್‌ಗೆ ಸ್ಟ್ರೆಸ್ ಫ್ರ್ಯಾಕ್ಚರ್ (ಮತ್ತೆ ಮತ್ತೆ ಬೀಳುವ ಭಾರದಿಂದ ಮೂಳೆಯಲ್ಲಿ ಮೂಡುವ ಬಿರುಕು), 2009ರ ಮೇನಲ್ಲಿ ಲೇಕರ್ಸ್ ತಂಡದ ಎದುರಿನ ಪ್ಲೇ-ಆಫ್ (ಲೀಗ್ ಹಂತದ ನಂತರದ ನಾಕೌಟ್) ಸರಣಿಯ ಮೂರನೆಯ ಪಂದ್ಯದಲ್ಲಿ ಅದೇ ಪಾದಕ್ಕೆ ಕೂದಲೆಳೆಯ ಬಿರುಕು, 2010ರ ಡಿಸೆಂಬರ್‌ನಲ್ಲಿ ಎಡ ಆಂಕಲ್‌ನಲ್ಲಿ ಮತ್ತೆ ಸ್ಟ್ರೆಸ್ ಫ್ರ್ಯಾಕ್ಚರ್. ವೃತ್ತಿಜೀವನ ಮುಗಿಸಿದ್ದು ಈ ಎಡಗಾಲಿನ ಸಾಲು.

ಎಲ್ಲ ತಪ್ಪನ್ನೂ ರಾಷ್ಟ್ರೀಯ ತಂಡದ ಮೇಲೆ ಹೊರಿಸುವುದು ಸುಲಭ. 2008ರ ಮಾರ್ಚ್‌ನಲ್ಲಿ ಶಸ್ತ್ರಚಿಕಿತ್ಸೆ, ಆಗಸ್ಟ್‌ನಲ್ಲಿ ಒಲಿಂಪಿಕ್ಸ್: ಆ ಅವಸರ ಒಳ್ಳೆಯದು ಮಾಡಿರಲಾರದು. ಆದರೆ ಮರುಸೀಸನ್‌ನಲ್ಲಿ ಪಂದ್ಯಕ್ಕೆ 33.6 ನಿಮಿಷದಂತೆ 77 ಪಂದ್ಯ ಆಡಿಸಿ, ಅದರ ಬೆನ್ನಿಗೇ ಪ್ಲೇ-ಆಫ್‌ಗೂ ಇಳಿಸಿದ್ದು ಕ್ಲಬ್. ಗಾಯವಾದ 2007-08ರಲ್ಲಂತೂ ಸರಾಸರಿ 37.2 ನಿಮಿಷ, ಇಡೀ ವೃತ್ತಿಜೀವನದಲ್ಲೇ ಅತಿ ಹೆಚ್ಚು. ನನ್ನ ಮಟ್ಟಿಗೆ ಬೇಸಿಗೆಯ ಪಂದ್ಯಗಳಷ್ಟೇ ದೊಡ್ಡ ಕಾರಣ ಈ ನಿಮಿಷಗಳು.

2009ರ ಜುಲೈನಲ್ಲಿ ಮೂಳೆ ಕಸಿ ಮಾಡಿ, ಕಮಾನಿನ ಎತ್ತರವನ್ನೂ ತಗ್ಗಿಸಿ ಪಾದವನ್ನು ಸರಿಪಡಿಸಿದರು. 2009-10 ಪೂರ್ತಿ ಹೊರಗೆ. ಮರಳಿದಾಗ ಪಂದ್ಯಕ್ಕೆ 24 ನಿಮಿಷದ ಮಿತಿ. ಸಾಮಾನ್ಯವಾಗಿ ಆಟಗಾರನ ದಣಿವು ನೋಡಿ ಬದಲಿ ಆಟಗಾರನನ್ನು ಇಳಿಸುತ್ತಾರೆ. ಇಲ್ಲಿ ಗಡಿಯಾರ ನೋಡಿ ಇಳಿಸಬೇಕು. ಮೊದಲರ್ಧದಲ್ಲೇ ನಿಮಿಷ ಖರ್ಚಾದರೆ ಕೊನೆಯ ಕ್ವಾರ್ಟರ್‌ಗೆ ಸೆಂಟರ್ ಇಲ್ಲ. ಐದು ಪಂದ್ಯಗಳಲ್ಲಿ ಸರಾಸರಿ 18.2 ನಿಮಿಷ ಆಡಿದ ಮೇಲೆ ಆಂಕಲ್ ಕೈಕೊಟ್ಟಿತು. 2011ರ ಜುಲೈ 20ರಂದು ನಿವೃತ್ತಿ, ವಯಸ್ಸು 30. 2016ರಲ್ಲಿ ಓನೀಲ್ ಜೊತೆಗೇ ಹಾಲ್ ಆಫ್ ಫೇಮ್.

ಹೋಲಿಕೆಗೆ ಜಿಡ್ರುನಾಸ್ ಇಲ್ಗೌಸ್ಕಸ್ ಅವರನ್ನು ತೆಗೆದುಕೊಳ್ಳಿ. 221 ಸೆಂ.ಮೀ. ಎತ್ತರದ ಲಿಥುವೇನಿಯಾದ ಸೆಂಟರ್. 1996-97 ಮತ್ತು 1999-2000 ಸೀಸನ್‌ಗಳನ್ನು ಪಾದದ ಮುರಿತಕ್ಕೆ ಪೂರ್ತಿ ಕಳೆದುಕೊಂಡವರು. ಆದರೆ ಅವರ ಗಾಯಗಳು ಬಂದದ್ದು ವೃತ್ತಿಯ ಶುರುವಿನಲ್ಲಿ. ಅವರ ತಂಡ ಕ್ಲೀವ್‌ಲ್ಯಾಂಡ್‌ಗೆ ಕಾಯುವ ವ್ಯವಧಾನವಿತ್ತು, ಪಾದ ಸರಿಹೋದ ಮೇಲೆ 2011ರವರೆಗೂ ಆಡಿ ಒಟ್ಟು 843 ಪಂದ್ಯ ಮುಗಿಸಿದರು. ಇನ್ನೊಬ್ಬ ಸೆಂಟರ್ ಜೋಯೆಲ್ ಎಂಬೀಡ್ ಅವರ ನ್ಯಾವಿಕ್ಯುಲರ್ ಮುರಿದದ್ದು 2014ರಲ್ಲಿ, ಎನ್‌ಬಿಎಯ ಮೊದಲ ಪಂದ್ಯಕ್ಕೂ ಮುಂಚೆ. ಎರಡು ಸೀಸನ್ ಆಡಿಸಲೇ ಇಲ್ಲ. ಯಾವೊಗೆ ಅದು ಬಂದದ್ದು ಆರನೆಯ ಸೀಸನ್‌ನಲ್ಲಿ, ತಂಡ ಸತತ 12 ಪಂದ್ಯ ಗೆದ್ದು ನಿಂತಿದ್ದಾಗ, ಒಲಿಂಪಿಕ್ಸ್‌ಗೆ ಆರು ತಿಂಗಳೂ ಇಲ್ಲದಿದ್ದಾಗ. ಕಾಯಲು ಯಾರಿಗೂ ಪುರುಸೊತ್ತಿರಲಿಲ್ಲ.